ಪುಣ್ಯಕೋಟಿ ಕರುವನ್ನು ಯಾರಿಗೆ ಒಪ್ಪಿಸಿದಳು?

ಕ್ಯಾತಗಾನಚೆರ್ಲಿಗೆ ನಾನು ಹೋದದ್ದು ಪ್ರತಿಭಾ ಕಾರಂಜಿಯ ತೀರ್ಪುಗಾರಳಾಗಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕನ್ನಡ ಕಲಿಸುವ, ಅಷ್ಟಿಷ್ಟು ಕತೆ ಬರೆಯುವ ನನ್ನಂಥವರನ್ನು ಆಗಾಗ ಹೀಗೆ ಯಾವುದಾದರೂ ಊರಿಗೆ ಕರೆಯುತ್ತಾರೆ. ಕಂಠಪಾಠ, ಅಭಿನಯ ಗೀತೆ, ಧಾರ್ಮಿಕ ಪಠಣ ಎಲ್ಲ ಒಂದೇ ದಿನ. ಆ ದಿನ ಒಂದು ಶಾಲೆಯ ಪುಟಾಣಿಗಳು ಗೋವಿನ ಹಾಡನ್ನು ಅಭಿನಯಿಸಿದರು. ಅದು ಹೊಸದೇನಲ್ಲ. ಯಾವ ಊರಿಗೆ ಹೋದರೂ ಒಂದು ಪುಣ್ಯಕೋಟಿ, ರಟ್ಟಿನ ಮುಖವಾಡದ ಒಂದು ಹುಲಿ ಇದ್ದೇ ಇರುತ್ತವೆ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಮಕ್ಕಳು ಆ ಹಾಡಿನ ಕನ್ನಡವನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆಂದರೆ, ನಮ್ಮ ಗಡಿಸೀಮೆಯ ಬಗ್ಗೆ ಬೆಂಗಳೂರಿನವರು ಮಾಡುವ ಭಾಷಣಗಳೆಲ್ಲ ಸುಳ್ಳೆನಿಸುತ್ತವೆ.

ಪುಣ್ಯಕೋಟಿಯಾಗಿದ್ದ ಹುಡುಗಿ ತನ್ನ ಕರುವಿನ ಕೈ ಹಿಡಿದು, ಪಕ್ಕದಲ್ಲಿ ನಿಂತಿದ್ದ ಮೂವರು 'ಹಸು'ಗಳ ಕೈಗೆ ಇಟ್ಟಳು. ಮೂರು ಹುಡುಗಿಯರೂ ಕರುವನ್ನು ನಡುವೆ ಎಳೆದುಕೊಂಡರು. ನಾನು ಅಂಕದ ಹಾಳೆಯಲ್ಲಿ ಏನೋ ಬರೆದುಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ, ಅಕ್ಕನ ಮಗಳನ್ನು ಕರೆದುಕೊಂಡು ಬಂದಿದ್ದ ಬೇರೆ ಊರಿನ ಹೆಂಗಸೊಬ್ಬಳು ನನ್ನ ಹತ್ತಿರ ಬಂದು ಕೇಳಿದಳು: "ಮೇಡಂ, ಪುಣ್ಯಕೋಟಿ ತಿರುಗಿ ಬಂದಳು ಸರಿ. ಬರದೇ ಇದ್ದಿದ್ರೆ? ಆ ಹಸುಗಳು ಕರುನ ಸಾಕ್ತಿದ್ವಾ?"

ಇದನ್ನು ಈವರೆಗೆ ಯಾವ ಮಗುವೂ ನನ್ನನ್ನು ಕೇಳಿರಲಿಲ್ಲ. ಯಾವ ವಿಮರ್ಶಕರೂ ಕೇಳಿದ್ದನ್ನು ನಾನು ಓದಿಲ್ಲ. ನಾವು ಮಾತಾಡುವುದು ಸತ್ಯದ ಬಗ್ಗೆ. ಕೊಟ್ಟ ಮಾತಿಗೆ ತಪ್ಪದ ಹಸು, ಮನಸ್ಸು ಕರಗಿದ ಹುಲಿ. ನನಗೆ ಉತ್ತರ ಹೊಳೆಯದೆ ಅವಳನ್ನೇ ಯಾಕೆ ಕೇಳುತ್ತೀರಿ ಎಂದೆ. ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಕುಳಿತು ಅವಳು ಹೇಳಿದ್ದರಲ್ಲಿ ಕೆಲವನ್ನಷ್ಟೇ ಇಲ್ಲಿ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಅವಳು ತಾನು ಹೆತ್ತ ಮಗುವನ್ನು ತುಮಕೂರಿಗೆ ಒಯ್ದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ರುಜು ಹಾಕಿ, ದತ್ತು ಕೊಡುವ ಮಾನ್ಯತೆ ಪಡೆದ ಸಂಸ್ಥೆಗೆ ಒಪ್ಪಿಸಿ ಬಂದವಳು. ಅವಳ ಜಾತಿ ಯಾವುದು, ಅವಳು ನಮ್ಮವಳೋ ನಿಮ್ಮವಳೋ ಎಂದು ನಾನು ಹೇಳುವುದಿಲ್ಲ. ಹೆತ್ತವಳ ಗುರುತನ್ನು ಕಾಯುವುದು ಆ ವ್ಯವಸ್ಥೆ ಅವಳಿಗೆ ಕೊಟ್ಟ ಮಾತು, ಅದನ್ನು ಮುರಿಯಲು ನಾನು ಯಾರು? ಮಗುವನ್ನು ಯಾಕೆ ಕೊಟ್ಟಳೆಂಬುದನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕತೆಗಾರ್ತಿಯಾದ ನನಗೆ ಅದೇ ದೊಡ್ಡ ಪಾಠ. ಯಾಕೆಂದರೆ ನಮ್ಮ ಕತೆಗಳೆಲ್ಲ ಆ 'ಯಾಕೆ'ಯಿಂದಲೇ ಶುರುವಾಗಿ ಅಲ್ಲಿಯೇ ಮುಗಿದುಬಿಡುತ್ತವೆ. ಮೋಸ ಮಾಡಿದ ಗಂಡಸು, ಹೆದರಿದ ಹುಡುಗಿ, ಕತ್ತಲು, ಒಂದು ಬಟ್ಟೆಯ ಗಂಟು. ಇಪ್ಪತ್ತು ವರ್ಷಗಳ ಹಿಂದೆ ನಾನೂ ಇಂಥ ಒಂದು ಕತೆ ಬರೆದಿದ್ದೆ. ಅದರಲ್ಲಿ ಒಬ್ಬಳು ಫಜರ್‌ನ ಅಜಾನ್‌ಗೆ ಮುಂಚೆ ದರ್ಗಾದ ಮೆಟ್ಟಿಲ ಮೇಲೆ ಕೂಸನ್ನು ಇಟ್ಟು ಓಡಿಹೋಗುತ್ತಾಳೆ, ಕಡೆಯಲ್ಲಿ ಹುಚ್ಚಿಯಾಗಿ ಅದೇ ಮೆಟ್ಟಿಲ ಮೇಲೆ ಚಿಂದಿ ಬಟ್ಟೆಯ ಗೊಂಬೆಗೆ ಹಾಲೂಡಿಸುತ್ತಾಳೆ. ಓದಿದವರು ಕಣ್ಣೀರು ಹಾಕಿದೆವು ಎಂದು ಕಾಗದ ಬರೆದಿದ್ದರು. ಹೊಂಗೆ ಮರದ ಕೆಳಗೆ ಈ ಕತೆಯನ್ನು ಅವಳಿಗೆ ಹೇಳಿದೆ. ಅವಳು ನಕ್ಕಳು. "ಹುಚ್ಚಿ ಮಾಡಿಬಿಟ್ರಾ ಅಕ್ಕಾ? ನನಗೆ ಹುಚ್ಚು ಹಿಡಿಯಕ್ಕೆ ಪುರುಸೊತ್ತೇ ಇರಲಿಲ್ಲ, ಕಡ್ಲೆಕಾಯಿ ಕೀಳೋ ಕಾಲ."

ಮೇಡಂ ಹೋಗಿ ಅಕ್ಕ ಆದದ್ದು ಆಗಲೇ. ಆ ನಗು ನನ್ನ ಕತೆಯ ಮೇಲೆ ಬಂದ ಅತ್ಯಂತ ನಿಷ್ಠುರವಾದ ವಿಮರ್ಶೆ. ಊರಿಗೆ ಬಂದು ಕಪಾಟಿನ ಪುಸ್ತಕಗಳನ್ನು ಅದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ತಿರುವಿದೆ. ಮಗುವನ್ನು ಬಿಟ್ಟುಕೊಟ್ಟ ತಾಯಿಗೆ ಕನ್ನಡ ಸಾಹಿತ್ಯ ಏನು ಮಾಡಿದೆ?

ಮೊದಲಿಗೆ ಕುಂತಿ. ಪಂಪನೂ ಕುಮಾರವ್ಯಾಸನೂ ಕರ್ಣನನ್ನು ಎದೆಗೆ ಅವಚಿಕೊಂಡ ಹಾಗೆ ಬೇರೆ ಯಾರನ್ನೂ ಅವಚಿಕೊಂಡಿಲ್ಲವೇನೋ. ಕೈಬಿಟ್ಟ ಮಗುವಿನ ನೋವು ನಮಗೆ ಕನ್ನಡದಲ್ಲಿ ಸಾವಿರ ವರ್ಷದಿಂದ ಗೊತ್ತು. ಆದರೆ ಹೊಳೆಗೆ ಬಿಟ್ಟ ಮಾರನೆಯ ಬೆಳಿಗ್ಗೆ ಕುಂತಿ ಏನು ಮಾಡಿದಳು? ಕವಿಗಳು ಅವಳನ್ನು ಅಲ್ಲಿಯೇ ಬಿಟ್ಟು ಮಗುವಿನ ಹಿಂದೆ ಹೋಗುತ್ತಾರೆ. ಅವಳು ಮತ್ತೆ ಕರ್ಣನ ಮುಂದೆ ಬರುವುದು ಯುದ್ಧದ ಹೊಸ್ತಿಲಲ್ಲಿ, ಸಲ್ಲದ ಬೇಡಿಕೆ ಇಟ್ಟುಕೊಂಡು. ಇನ್ನು ಸಾಕಿದ ರಾಧೆಯ ಗತಿಯೋ? ರಾಧೇಯ ಎಂಬ ಮಗನ ಹೆಸರಿನಲ್ಲಿ ಒಂದಿಷ್ಟು ಜಾಗ ಸಿಕ್ಕಿದ್ದೇ ಅವಳ ಪುಣ್ಯ. ಹೆತ್ತವಳಿಗೆ ಪಶ್ಚಾತ್ತಾಪ, ಸಾಕಿದವಳಿಗೆ ಮರೆವು.

ಆಧುನಿಕರಾದ ಮೇಲೆ ನಾವು ಬದಲಾದೆವೇ? ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' 1965ರ ಕಾದಂಬರಿ. ವಿಧವೆಯಾದ ಕಾತ್ಯಾಯಿನಿ ಮತ್ತೆ ಮದುವೆಯಾಗಲು ಹೊರಡುವಾಗ ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಯರ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಬೀದಿಯಲ್ಲಲ್ಲ, ಹೊಳೆಯಲ್ಲಲ್ಲ, ಅಜ್ಜ ಅಜ್ಜಿಯ ತುಂಬಿದ ಮನೆಯಲ್ಲಿ. ಆದರೂ ಕಾದಂಬರಿ ಅವಳನ್ನು ಬಿಡುವುದಿಲ್ಲ. ಮತ್ತೆ ಮತ್ತೆ ಗರ್ಭ ಇಳಿದುಹೋಗಿ, ಒಳಗೇ ಬೆಂದು ಸಾಯುತ್ತಾಳೆ. ಭೈರಪ್ಪನವರ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ತನ್ನ ಹುಟ್ಟಿನ ಗುಟ್ಟು ತಿಳಿದ ಶ್ರೋತ್ರಿಯರ ಕಾಲ ಕೆಳಗಿನ ನೆಲ ಕುಸಿಯುವ ಭಾಗವನ್ನು ಓದಿದರೆ ಈಗಲೂ ಮೈ ನಡುಗುತ್ತದೆ. ರಕ್ತದ ವಂಶವೆಂಬ ನಂಬಿಕೆಯನ್ನು ಅಷ್ಟು ಆಳವಾಗಿ ಅಲ್ಲಾಡಿಸಿದ ಲೇಖಕರೇ, ಮಗುವನ್ನು ಬಿಟ್ಟ ತಾಯಿಯ ವಿಷಯಕ್ಕೆ ಬಂದಾಗ ಊರಿನ ಪಂಚಾಯಿತಿಯ ತೀರ್ಪನ್ನೇ ಯಾಕೆ ಕೊಟ್ಟರು? ಕಾತ್ಯಾಯಿನಿಯ ಒಡಲು ಅವಳಿಗೆ ವಿಧಿಸಿದ ಶಿಕ್ಷೆ ನಿಸರ್ಗದ್ದಲ್ಲ, ಲೇಖಕರದ್ದು. ನನ್ನ ಹುಚ್ಚಿಯ ಹುಚ್ಚು ಕೂಡ ಹಾಗೆಯೇ, ನಾನು ಕೊಟ್ಟದ್ದು.

ಸಿನಿಮಾದಲ್ಲಿ ಗಿರೀಶ ಕಾಸರವಳ್ಳಿಯವರ ದಾರಿ ಬೇರೆ. ಅನಂತಮೂರ್ತಿಯವರ ಕತೆಯನ್ನು ಆಧರಿಸಿದ 'ಘಟಶ್ರಾದ್ಧ' (1977) ಯಮುನೆಯನ್ನು ಶಿಕ್ಷಿಸುವುದಿಲ್ಲ, ಶಿಕ್ಷಿಸುವವರನ್ನು ತೋರಿಸುತ್ತದೆ. ಆದರೆ ಯಮುನೆಗೆ ಮಗುವನ್ನು ಹೆರುವ ಅವಕಾಶವೇ ಇರಲಿಲ್ಲ. 'ತಾಯಿಸಾಹೇಬ'ದಲ್ಲಿ (1997) ದತ್ತು ನೇರವಾಗಿ ಬರುತ್ತದೆ. ದತ್ತುಮಗ ಮೆಚ್ಚಿದ ಹುಡುಗಿ ಕಾನೂನಿನ ಲೆಕ್ಕದಲ್ಲಿ ಅವನಿಗೆ ತಂಗಿಯಾಗುವ ಇಕ್ಕಟ್ಟು ಅಲ್ಲಿನದು. ಅಲ್ಲಿಯೂ ದತ್ತು ಎಂದರೆ ಆಸ್ತಿ, ಮನೆತನ, ಹೆಸರು.

ಇನ್ನು ನಮ್ಮವರ ಕತೆಗಳು. ಮುಸ್ಲಿಂ ಹೆಣ್ಣಿನ ಒಳಮನೆಯನ್ನು ಕನ್ನಡಕ್ಕೆ ತೆರೆದು ತೋರಿಸಿದ ಸಾರಾ ಅಬೂಬಕರ್, ಬಾನು ಮುಷ್ತಾಕ್ ಇವರ ಋಣ ನನ್ನ ಮೇಲಿದೆ. ಆ ಕತೆಗಳ ತಾಯಿ ಮಗುವನ್ನು ಬಿಡದವಳು. 'ಕರಿ ನಾಗರಗಳು' ಕತೆಯಲ್ಲಿ, ಅದನ್ನು ಆಧರಿಸಿದ 'ಹಸೀನಾ' (2004) ಸಿನಿಮಾದಲ್ಲಿ, ಗಂಡ ಕೈಬಿಟ್ಟವಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಬಾಗಿಲಲ್ಲಿ ಕೂರುತ್ತಾಳೆ. 'ಎದೆಯ ಹಣತೆ'ಯಲ್ಲಿ ಸಾಯಲು ಹೊರಟ ತಾಯಿಯನ್ನು ಹಿರಿಯ ಮಗಳು ಕೂಸನ್ನು ಮುಂದೆ ಮಾಡಿ ತಡೆಯುತ್ತಾಳೆ. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಆ ಹೆಸರಿನ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಸಿಹಿ ಹಂಚಿದೆ. ದೊಡ್ಡ ಕತೆ ಅದು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿಯೂ ಕೂಸಿನ ಕೂಗು ತಾಯಿಯನ್ನು ಹೊಸ್ತಿಲೊಳಗೆ ಎಳೆದುಕೊಳ್ಳುತ್ತದೆ. ಕೂಗನ್ನು ಕೇಳಿಯೂ, ಪೂರ್ತಿ ಎಚ್ಚರದಲ್ಲಿ, ಮಗುವಿನ ಮುಂದಿನ ಬಾಳನ್ನೇ ಯೋಚಿಸಿ ಕೈ ಬದಲಿಸಿದ ತಾಯಿ ನಾನು ಓದಿದ ಮಟ್ಟಿಗೆ ನಮ್ಮ ಕತೆಗಳಲ್ಲಿ ಇಲ್ಲ.

ಇದ್ದಾಳೆ. ಮೂರನೆಯ ತರಗತಿಯ ಮಗುವಿಗೂ ಬಾಯಿಪಾಠವಿರುವ ಹಾಡಿನಲ್ಲಿ ಇದ್ದಾಳೆ. ನಾವು ನೋಡಿಲ್ಲ.

ಪುಣ್ಯಕೋಟಿಯನ್ನು ಸತ್ಯವಂತೆ ಎಂದು ಮಾತ್ರ ಓದಿದರೆ ಹಾಡಿನ ನಡುಭಾಗ ಸುಮ್ಮನೆ ಕರುಣೆ ಹುಟ್ಟಿಸಲು ಇಟ್ಟದ್ದು ಎನಿಸುತ್ತದೆ. ಆದರೆ ಅವಳು ದೊಡ್ಡಿಗೆ ಬಂದು ಮಾಡುವುದೇನು? ಹಾಲೂಡಿಸುತ್ತಾಳೆ. ಕರುವಿಗೆ ನಿಜ ಹೇಳುತ್ತಾಳೆ. ಬೆಳಗಾಗುವುದರೊಳಗೆ ಹೇಳದೆ ಕೇಳದೆ ಹೋಗಿಬಿಡುವುದಿಲ್ಲ. ಆಮೇಲೆ ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಇವನನ್ನು ದೂಡಬೇಡಿ, ನಿಮ್ಮದೇ ಕರುವೆಂದು ಕಾಣಿ ಎಂದು ಕೇಳಿಕೊಂಡು ಒಪ್ಪಿಸುತ್ತಾಳೆ. ಇಲ್ಲಿ ಗುಟ್ಟಿಲ್ಲ, ಓಟವಿಲ್ಲ. ಸಾಕ್ಷಿಗಳಿದ್ದಾರೆ. ಮಗುವಿನ ಪರವಾಗಿ ಷರತ್ತುಗಳಿವೆ. ತನಗಾಗಿ ಅವಳು ಏನನ್ನೂ ಕೇಳುವುದಿಲ್ಲ. ಇದನ್ನು ಕನ್ನಡದ ಮೊದಲ ಒಪ್ಪಿಗೆ ಪತ್ರ ಎಂದರೆ ಪಂಡಿತರು ನಗಬಹುದು, ನಗಲಿ. ಕರು ತಾಯಿಯನ್ನು ಬಿಟ್ಟು ಬದುಕಬೇಕಾಗಿ ಬಂದರೆ ಯಾರ ಮೊಲೆಯಲ್ಲಿ ಹಾಲು ಕುಡಿಯಬೇಕು ಎಂಬ ಪ್ರಶ್ನೆಯನ್ನು ಆ ಹಾಡು ನೇರವಾಗಿ ಎತ್ತಿಕೊಂಡಿದೆ. ಆಮೇಲೆ ಹುಲಿ ಪ್ರಾಣ ಬಿಡುತ್ತದೆ, ತಾಯಿ ಮರಳುತ್ತಾಳೆ, ಆ ಹಸುಗಳು ಮಾತು ಉಳಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಹೊಂಗೆ ಮರದ ಕೆಳಗಿನ ಹೆಂಗಸು ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೆ.

ಬೆಳಿಗ್ಗೆ ಮಕ್ತಬ್, ಆಮೇಲೆ ಸರ್ಕಾರಿ ಶಾಲೆ, ಹೀಗೆ ಎರಡು ಕಡೆ ಓದಿದವಳು ನಾನು. ಮಕ್ತಬ್‌ನಲ್ಲಿ ಹಜ್ರತ್ ಮೂಸಾರ ಪೆಟ್ಟಿಗೆ ನೈಲ್ ನದಿಯಲ್ಲಿ ತೇಲಿದರೆ, ಶಾಲೆಯಲ್ಲಿ ಕರ್ಣನ ಪೆಟ್ಟಿಗೆ ತೇಲುತ್ತಿತ್ತು. ಎರಡೂ ಒಂದೇ ಕತೆಯೆಂದು ಬಹಳ ದಿನ ತಿಳಿದಿದ್ದೆ. ಒಂದೇ ಅಲ್ಲ. ಮೂಸಾರ ಪೆಟ್ಟಿಗೆಯ ಜೊತೆ ದಡದ ಮೇಲೆ ಅವರ ಅಕ್ಕ ನಡೆದು ಹೋಗುತ್ತಾಳೆ. ಮಗು ಯಾರ ಕೈ ಸೇರಿತು ಎಂದು ನೋಡುತ್ತಾಳೆ. ಫಿರೌನನ ಅರಮನೆಯಲ್ಲಿ ಕೂಸು ಯಾರ ಹಾಲನ್ನೂ ಕುಡಿಯದಿದ್ದಾಗ ಹೆತ್ತ ತಾಯಿಯನ್ನೇ ದಾಯಿಯಾಗಿ ಕರೆತರುತ್ತಾಳೆ. ಬಿಟ್ಟುಕೊಡುವುದಕ್ಕೂ ಬಿಸಾಡುವುದಕ್ಕೂ ಇರುವ ವ್ಯತ್ಯಾಸ ಆ ದಡದ ಮೇಲೆ ನಡೆದ ಹುಡುಗಿ. ಯೂಸುಫರ ಕತೆಯಲ್ಲಿ ಇನ್ನೊಂದು ಬಗೆ ಇದೆ. ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗ ಕೆಲವೇ ದಿರ್ಹಮ್‌ಗಳಿಗೆ ಮಾರಾಟವಾಗುತ್ತಾನೆ. ಬಿಸಾಡುವುದು, ಮಾರುವುದು, ಒಪ್ಪಿಸುವುದು ಮೂರೂ ಬೇರೆ ಬೇರೆ ಎಂದು ಮಕ್ತಬ್‌ನ ಮಕ್ಕಳಿಗೆ ಗೊತ್ತಿರಬೇಕಿತ್ತು. ನಮಗೆ ಹೇಳಿಕೊಟ್ಟವರು ಪವಾಡದ ಕಡೆಗೇ ಬೆರಳು ತೋರಿಸಿದರು.

ಭಾಷೆಗೂ ಇದು ಮರೆತುಹೋಗಿದೆ. ದತ್ತ ಎಂದರೆ ಕೊಟ್ಟದ್ದು. ಆ ಪದ ಹುಟ್ಟಿದ್ದೇ ಕೊಟ್ಟವರ ಕೈಯಿಂದ. ಆದರೆ ನಾವೀಗ ಹೇಳುವುದು ದತ್ತು ಸ್ವೀಕಾರ. ಚರಿತ್ರೆಯಲ್ಲೂ ಹೀಗೆ. 1824ರಲ್ಲಿ ಕಿತ್ತೂರಿನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದರಿಂದ ಚೆನ್ನಮ್ಮನ ಯುದ್ಧವಾಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಮಗುವೇ 1881ರಲ್ಲಿ ಮೈಸೂರಿನ ಆಳ್ವಿಕೆ ವಹಿಸಿಕೊಂಡದ್ದು. ತೆಗೆದುಕೊಂಡವರ ಹೆಸರು ಪರೀಕ್ಷೆಗೆ ಓದುತ್ತೇವೆ. ಕೊಟ್ಟ ತಾಯಂದಿರ ಹೆಸರನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಹಿಂದೂ ದತ್ತಕದ 1956ರ ಕಾಯ್ದೆಯಲ್ಲೂ ಮಗುವನ್ನು ಕೊಡುವ ಹಕ್ಕು ಮೊದಲು ತಂದೆಯದು, ತಾಯಿಯದು ಬರೀ ಒಪ್ಪಿಗೆ. ಇಬ್ಬರಿಗೂ ಸಮ ಹಕ್ಕು ಬಂದದ್ದು 2010ರ ತಿದ್ದುಪಡಿಯಿಂದ. ಉರ್ದುವಿನಲ್ಲಿ 'ಗೋದ್ ಲೇನಾ' ಎನ್ನುತ್ತೇವೆ. ಮಡಿಲಿಗೆ ತೆಗೆದುಕೊಳ್ಳುವುದು. ಯಾರ ಮಡಿಲಿನಿಂದ? ವಾರಸುದಾರರಿಲ್ಲದ ಮಗು ಲಾವಾರಿಸ್. ಹೆತ್ತವಳು ವಾರಸುದಾರಳಲ್ಲ ಎಂಬುದು ಆ ಪದದೊಳಗೇ ಕೂತಿದೆ.

ಒಪ್ಪಿಸು ಎಂಬ ಪದ ಮಾತ್ರ ನನಗೆ ಇಷ್ಟ. ಮದುವೆಯ ಮನೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಹೇಳುವಾಗ ತಾಯಿ ಅಳುತ್ತಾಳೆ, ಊರೆಲ್ಲ ಅವಳೊಂದಿಗೆ ಅಳುತ್ತದೆ. ಯಾರೂ ಅವಳನ್ನು ಮಗಳನ್ನು ಬಿಸಾಡಿದವಳು ಎನ್ನುವುದಿಲ್ಲ.

ಕಾನೂನು ಈ ಪದದ ಹತ್ತಿರ ಬಂದಿದೆ ಎನ್ನುವುದೇ ಆಶ್ಚರ್ಯ. 2015ರ ಬಾಲನ್ಯಾಯ ಕಾಯ್ದೆ ಅನಾಥ ಮಗು, ತೊರೆದ ಮಗು, ಒಪ್ಪಿಸಿದ ಮಗು ಎಂದು ಮೂರು ಬೇರೆ ಬೇರೆ ಹೇಳುತ್ತದೆ. ಸಾಕಲಾಗದ ತಾಯಿ ಅಥವಾ ತಂದೆತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಅವರೊಂದಿಗೆ ಆಪ್ತ ಸಮಾಲೋಚನೆ ನಡೆಯಬೇಕು. ಮಗುವನ್ನು ಉಳಿಸಿಕೊಳ್ಳಲು ದಾರಿ ಇದೆಯೇ ಎಂದು ನೋಡಬೇಕು. ಮದುವೆಯಾಗದ ತಾಯಿಯಾದರೆ ಅವಳ ರುಜು ಒಂದೇ ಸಾಕು, ಸಮಿತಿಯ ಮಹಿಳಾ ಸದಸ್ಯರ ಮುಂದೆ ಅದು ನಡೆದರೆ ಒಳ್ಳೆಯದೆಂದು ನಿಯಮವಿದೆ. ರುಜು ಹಾಕಿದ ಮೇಲೆ ಎರಡು ತಿಂಗಳು ಕಾಲಾವಕಾಶ. ಆ ಅರವತ್ತು ದಿನಗಳೊಳಗೆ ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಬಹುದು. ಆಮೇಲೆ ಮಗು ದತ್ತಿಗೆ ಮುಕ್ತವಾಗುತ್ತದೆ. ಕೇಂದ್ರದ ದತ್ತು ಪ್ರಾಧಿಕಾರದ ಪಟ್ಟಿಯ ಮೂಲಕ ಸರದಿಯಲ್ಲಿರುವ ದಂಪತಿಗೆ ಅಥವಾ ಒಂಟಿ ವ್ಯಕ್ತಿಗೆ ಸಿಗುತ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶಕ್ಕೆ ಕೋರ್ಟಿನ ಬದಲು ಜಿಲ್ಲಾಧಿಕಾರಿಯ ರುಜು. 2024-25ರಲ್ಲಿ ದೇಶದಲ್ಲಿ ಈ ದಾರಿಯಲ್ಲಿ ಮನೆ ಸೇರಿದ ಮಕ್ಕಳು 4,515. ಕಾದು ಕುಳಿತವರು ಮೂವತ್ತು ಸಾವಿರಕ್ಕೂ ಹೆಚ್ಚು.

ಆ ಒಪ್ಪಿಗೆ ಪತ್ರದ ನಮೂನೆಯನ್ನು ನಾನು ಓದಿದೆ. ಒಂದು ಕೃತಿಯನ್ನು ಓದುವ ಹಾಗೆ ಓದಿದೆ. ಬಲವಂತವಿಲ್ಲ, ಹಣ ಪಡೆದಿಲ್ಲ, ಮಗು ದೇಶದ ಒಳಗೋ ಹೊರಗೋ ಹೋಗಬಹುದೆಂದು ಗೊತ್ತಿದೆ, ಹೀಗೆ ಒಣ ಸಾಲುಗಳು. ಕಾರಣಕ್ಕೆ ಒಂದು ಖಾಲಿ ಗೆರೆ ಬಿಟ್ಟಿದ್ದಾರೆ. ನಾವು ನೂರು ವರ್ಷದಿಂದ ಬರೆದ ಕತೆಗಳೆಲ್ಲ ಆ ಗೆರೆಯನ್ನು ತುಂಬಲು ಬರೆದವು. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಮಗು ದೊಡ್ಡದಾಗಿ ತನ್ನ ಮೂಲ ಹುಡುಕಿಕೊಂಡು ಬಂದರೆ ನಿನ್ನ ಗುರುತು ಹೇಳಬಹುದೋ ಬೇಡವೋ ಎಂದು ಆ ಕಾಗದ ತಾಯಿಯನ್ನು ಕೇಳುತ್ತದೆ. ಹೆರಿಗೆಯ ನೋವು ಆರದವಳನ್ನು, ಹದಿನೆಂಟು ವರ್ಷದ ಮೇಲೆ ಬಾಗಿಲು ತಟ್ಟುವ ಒಬ್ಬನ ಬಗ್ಗೆ ಈಗಲೇ ಹೇಳು ಎನ್ನುತ್ತದೆ. ಕುಂತಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಮಹಾಭಾರತ ಏನಾಗುತ್ತಿತ್ತೋ.

"ನೀವು ಏನೆಂದಿರಿ?" ಎಂದು ಇದೊಂದನ್ನು ನಾನು ಅವಳನ್ನು ಕೇಳಿದೆ. "ಹೇಳಿ ಅಂದೆ. ಬರಲಿ. ಬೈಯಕ್ಕಾದ್ರೂ ಬರಲಿ."

ನಮ್ಮವರ ನಡುವೆ ಈ ಮಾತೆತ್ತಿದರೆ ತಕ್ಷಣ ಬರುವ ಉತ್ತರ ಒಂದೇ: ಇಸ್ಲಾಮಿನಲ್ಲಿ ದತ್ತು ಇಲ್ಲ. ಅಲ್ಲಿಗೆ ಮಾತು ಮುಗಿಯಿತು. ಹಾಗೆ ಮುಗಿಸಬಾರದು. ಪ್ರವಾದಿ(ಸ) ಸಾಕಿದ ಜೈದ್ ಮೊದಲು ಜೈದ್ ಬಿನ್ ಮುಹಮ್ಮದ್ ಎನಿಸಿಕೊಂಡಿದ್ದರು. ಸಾಕುಮಕ್ಕಳನ್ನು ಹೆತ್ತ ತಂದೆಯ ಹೆಸರಿನಿಂದಲೇ ಕರೆಯಿರಿ ಎಂಬ ಆದೇಶ ಸೂರಃ ಅಲ್ ಅಹ್‌ಝಾಬ್‌ನಲ್ಲಿ ಬಂದ ಮೇಲೆ ಮತ್ತೆ ಜೈದ್ ಬಿನ್ ಹಾರಿಸ ಆದರು. ಅಲ್ಲಿ ತಡೆದದ್ದು ಸಾಕುವುದನ್ನಲ್ಲ, ವಂಶವನ್ನು ಅಳಿಸಿ ಸುಳ್ಳು ಬರೆಯುವುದನ್ನು. ಸ್ವತಃ ಯತೀಮರಾಗಿ ಬೆಳೆದ, ಹಲೀಮಾರ ಹಾಲು ಕುಡಿದ ಪ್ರವಾದಿಯ ಸಮುದಾಯಕ್ಕೆ ಪರರ ಮಗುವನ್ನು ಸಾಕುವುದು ಅಪರಿಚಿತವಾಗಲು ಸಾಧ್ಯವೇ ಇಲ್ಲ. ನಮ್ಮ ಮನೆಗಳಲ್ಲೇ ತಂಗಿಯ ಮಗುವನ್ನು ಮಕ್ಕಳಿಲ್ಲದ ಅಕ್ಕನಿಗೆ ಕೊಟ್ಟದ್ದು ಎಷ್ಟಿಲ್ಲ! ಬಂಧುಗಳೊಳಗಿನ ಇಂಥ ಕೊಡುಕೊಳ್ಳುವಿಕೆಗೂ ಅದೇ ಕಾಯ್ದೆಯಲ್ಲಿ ದಾರಿಯಿದೆ, ಧರ್ಮ ಯಾವುದಾದರೂ.

ಶಬ್ನಂ ಹಾಶ್ಮಿ ಈ ಪ್ರಶ್ನೆಯನ್ನು 2005ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದರು. 1890ರ ಕಾಯ್ದೆಯ ಪ್ರಕಾರ ಅವರು ತಾವು ಸಾಕಿದ ಮಗಳಿಗೆ ಪೋಷಕಿ ಮಾತ್ರ, ತಾಯಿಯಲ್ಲ. 2014ರ ಫೆಬ್ರುವರಿಯ ತೀರ್ಪು ಎರಡು ಮಾತು ಹೇಳಿತು. ಬಾಲನ್ಯಾಯ ಕಾಯ್ದೆಯ ಅಡಿ ಯಾವ ಧರ್ಮದವರೂ ದತ್ತು ಪಡೆಯಬಹುದು. ಬೇಡವೆನ್ನುವವರು ತಮ್ಮ ವೈಯಕ್ತಿಕ ಕಾನೂನನ್ನು ಪಾಲಿಸಬಹುದು. ದತ್ತನ್ನು ಮೂಲಭೂತ ಹಕ್ಕೆಂದು ಸಾರಲು ಅದು ಒಪ್ಪಲಿಲ್ಲ. ಆಗ ನಡೆದ ಚರ್ಚೆಯೆಲ್ಲ ತೆಗೆದುಕೊಳ್ಳುವವರ ಕುರಿತೇ. ಕೊಡುವ ಮುಸ್ಲಿಂ ತಾಯಿಯೊಬ್ಬಳಿದ್ದಾಳೆ, ಅವಳ ಮಗುವಿನ ಮೂಲದ ದಾಖಲೆ ಎಲ್ಲಿ ಉಳಿಯುತ್ತದೆ ಎಂದು ಮೌಲ್ವಿಗಳೂ ಕೇಳಲಿಲ್ಲ, ಪ್ರಗತಿಪರರೂ ಕೇಳಲಿಲ್ಲ.

ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 2024ರ ಜೂನ್‌ನಲ್ಲಿ ತುಮಕೂರು ಜಿಲ್ಲೆಯ ಪೊಲೀಸರು ಮಕ್ಕಳ ಮಾರಾಟದ ಜಾಲವೊಂದನ್ನು ಬಯಲಿಗೆಳೆದು ಐದು ಮಕ್ಕಳನ್ನು ರಕ್ಷಿಸಿದರು. ಬಂಧಿತರಲ್ಲಿ ಆಸ್ಪತ್ರೆಗೆ ಸೇರಿದವರೂ ಇದ್ದರು. ಮರ್ಯಾದೆಗೆ ಹೆದರಿದ ಮನೆಯವರ ಮಗು ಇಂಥವರ ಕೈಗೆ ಸಿಕ್ಕರೆ ಏನಾಗುತ್ತದೆ? ಕೊಂಡವಳೇ ಹೆತ್ತವಳೆಂದು ಜನನ ಪತ್ರ ಬರೆಸಿದರೆ ಮುಗಿಯಿತು. ಮಗುವಿನ ವಂಶ ಶಾಶ್ವತವಾಗಿ ಅಳಿಸಿಹೋಗುತ್ತದೆ. ಯಾವುದನ್ನು ಧರ್ಮ ತಡೆದಿತ್ತೋ ಅದೇ ನಡೆಯುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ಕಡತದಲ್ಲಾದರೂ ತಾಯಿಯ ಹೆಸರು ಬೀಗದೊಳಗೆ ಇರುತ್ತದೆ. ಮಾರಾಟಕ್ಕೆ ಐದು ವರ್ಷದವರೆಗೆ ಸಜೆ, ಆಸ್ಪತ್ರೆಯವರು ಮಾಡಿದರೆ ಮೂರರಿಂದ ಏಳು ವರ್ಷ, ಎಂದು ಕಾಯ್ದೆ ಹೇಳುತ್ತದೆ. ಮೊಹಲ್ಲಾದ ಹಿರಿಯರು 'ಇಲ್ಲ' ಎಂದು ಮುಚ್ಚಿದ ಬಾಗಿಲಿನ ಮುಂದೆ ದಲ್ಲಾಳಿ ನಿಂತಿರುತ್ತಾನೆ. ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು. ಆಗಲಿ.

ಪತ್ರಿಕೆಗಳ ಭಾಷೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪೊದೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೂಸು ಸಿಕ್ಕ ದಿನ ತಲೆಬರಹ ಸಿದ್ಧವಿರುತ್ತದೆ: ಪಾಪಿ ತಾಯಿ. ತಂದೆ ಆ ಸುದ್ದಿಯಲ್ಲಿ ಪಾಪಿಯೂ ಅಲ್ಲ, ಇರುವುದೇ ಇಲ್ಲ. ಸಿಕ್ಕ ಮಗುವಿನ ಫೋಟೋ ಹಾಕಿ ವಾರಸುದಾರರನ್ನು ಕರೆಯುವ ಪ್ರಕಟಣೆ ಕೆಲವು ದಿನಗಳ ಮೇಲೆ ಒಳಪುಟದಲ್ಲಿ ಬರುತ್ತದೆ. ಒಪ್ಪಿಸಿದ ಮಗುವಿನ ಫೋಟೋ ಹೀಗೆ ಬರುವುದಿಲ್ಲ. ಹುಡುಕಬೇಕಾದವರು ಯಾರೂ ಇಲ್ಲವಲ್ಲ, ತಾಯಿ ಹೇಳಿಯೇ ಹೋಗಿದ್ದಾಳೆ. ಆದ್ದರಿಂದ ಸುದ್ದಿಗೆ ಸಿಗುವುದು ಬಿಸಾಡಿದವಳು ಮಾತ್ರ. ಸರಿಯಾಗಿ ನಡೆದುಕೊಂಡವಳು ಸುದ್ದಿಯೂ ಆಗುವುದಿಲ್ಲ, ಕತೆಯೂ ಆಗುವುದಿಲ್ಲ. ಇಂಥ ಒಂದು ದಾರಿಯಿದೆ ಎಂದು ಪೊದೆಯ ಮುಂದೆ ನಿಂತ ಹುಡುಗಿಗೆ ಗೊತ್ತಾಗುವುದಾದರೂ ಹೇಗೆ? 1098ಕ್ಕೆ ಕರೆ ಮಾಡಬಹುದು ಎಂದು ಅವಳು ಯಾವ ಧಾರಾವಾಹಿಯಲ್ಲಿ ನೋಡಬೇಕಿತ್ತು? ನಮ್ಮ ಸಿನಿಮಾ, ಧಾರಾವಾಹಿ, ಕತೆಗಳು ಅವಳಿಗೆ ಕಲಿಸಿದ್ದು ಎರಡೇ ಜಾಗ: ದೇವಸ್ಥಾನದ ಮೆಟ್ಟಿಲು, ಕಸದ ತೊಟ್ಟಿ. ನಾನು ದರ್ಗಾದ ಮೆಟ್ಟಿಲನ್ನು ಸೇರಿಸಿದೆ, ಅಷ್ಟೆ.

ಹಾಗಾದರೆ ಬರೆಯಬೇಕಾದ ಕತೆ ಯಾವುದು? ಆ ಅರವತ್ತು ದಿನಗಳದ್ದು ಎಂದು ನನಗನ್ನಿಸುತ್ತದೆ. ಅವಳು ಹೇಳಿದ್ದರಲ್ಲಿ ನಾನು ಇಟ್ಟುಕೊಂಡದ್ದು ಇಷ್ಟು. ಪಾವಗಡದ ಕಡೆಯಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಮಧುಗಿರಿಗೆ ಬರುವ ಬಸ್ಸು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ಹಾದು ಮತ್ತೆ ನಮ್ಮ ರಾಜ್ಯಕ್ಕೆ ಬರುತ್ತದೆ. ಹೋಗುವಾಗ ಮಗು ಮಡಿಲಲ್ಲಿತ್ತು, ಬರುವಾಗ ಒಂದು ಟವೆಲ್. ಎದೆಯಲ್ಲಿ ಹಾಲು ನಿಲ್ಲಲಿಲ್ಲ. ತಾಯಿ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿ ಮೇಲೆ ಬಟ್ಟೆ ಬಿಗಿದಳು. ಹಾಲು ಬತ್ತಿಸಲು ನಮ್ಮ ಕಡೆ ಹಾಗೆ ಮಾಡುತ್ತಾರೆ. ಮಲ್ಲಿಗೆಯ ವಾಸನೆ ಬಂದರೆ ಈಗಲೂ ಅವಳು ಆ ಕಡೆ ನೋಡುವುದಿಲ್ಲವಂತೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಭಯ, ಮನೆಗೆ ಬಂದವರು ಕೇಳಿದರೆ? ಕಡ್ಲೆಕಾಯಿ ಬೀಜಗಳನ್ನು ಒಂದು ಡಬ್ಬಿಯಲ್ಲಿ ದಿನಕ್ಕೊಂದರಂತೆ ಹಾಕುತ್ತ ಬಂದಳು. ನಲವತ್ತೊಂದನೆಯ ದಿನ ಯಾರಿಗೂ ಹೇಳದೆ ತುಮಕೂರಿನ ಬಸ್ಸು ಹತ್ತಿದಳು. ಮಧುಗಿರಿಯಲ್ಲಿ ಇಳಿದುಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು, ಕೋಟೆಯ ಬೆಟ್ಟವನ್ನು ನೋಡುತ್ತ ಮಧ್ಯಾಹ್ನದವರೆಗೆ ಕೂತಳು. ಎದುರಿನ ಬಸ್ಸು ಹಿಡಿದು ಊರಿಗೆ ಬಂದಳು. ಅರವತ್ತನೆಯ ದಿನ ಏನೂ ಆಗಲಿಲ್ಲ. ಹೊಲಕ್ಕೆ ಹೋದಳು.

ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಕಳೆದ ಆ ಹೊತ್ತನ್ನು ಬರೆಯಲು ನನಗೆ ಬರುತ್ತದೋ ಇಲ್ಲವೋ ತಿಳಿಯದು. ಅಲ್ಲಿ ಅವಳು ಮನಸ್ಸು ಬದಲಿಸಿ ತುಮಕೂರಿಗೆ ಹೋಗಿದ್ದರೂ ಅದು ಸರಿಯೇ ಆಗುತ್ತಿತ್ತು, ಕಾನೂನು ಅದಕ್ಕೆಂದೇ ದಿನ ಕೊಟ್ಟಿದೆ. ಹೋಗದೆ ಇದ್ದದ್ದೂ ಸರಿ. ಎರಡೂ ಸರಿಯಾಗಿರುವ ಜಾಗದಲ್ಲಿ ಕತೆ ನಿಲ್ಲಿಸಲು ನಮಗೆ ಅಭ್ಯಾಸವಿಲ್ಲ. ಕೂಡಲೇ ಹುಲಿಯನ್ನು ಕೊಲ್ಲುತ್ತೇವೆ, ಇಲ್ಲವೆ ತಾಯಿಯನ್ನು. ಈ ವ್ಯವಸ್ಥೆಯಲ್ಲಿ ಎಲ್ಲ ನೆಟ್ಟಗಿದೆ ಎಂದೂ ನಾನು ಹೇಳುತ್ತಿಲ್ಲ. ಬಾಣಂತಿಯೊಬ್ಬಳು ಎರಡು ರಾಜ್ಯ ದಾಟಿ ಬಂದು ರುಜು ಹಾಕಬೇಕಾದ್ದು, ಕೇಳಬೇಕಾದ ಸಮಾಲೋಚನೆಯನ್ನು ಕಚೇರಿಯ ಬೆಂಚಿನ ಮೇಲೆ ಗಡಿಬಿಡಿಯಲ್ಲಿ ಕೇಳಬೇಕಾಗಿ ಬರುವುದು, ಕೈಗೆ ನಾಲ್ಕು ಕಾಸಿದ್ದರೆ ಮಗುವನ್ನು ತಾನೇ ಸಾಕುತ್ತಿದ್ದವಳು ಬಡತನಕ್ಕೇ ಒಪ್ಪಿಸಬೇಕಾಗುವುದು, ಇವೂ ಕತೆಯೊಳಗೆ ಬರಬೇಕು. ಆದರೆ ಅವಳನ್ನು ಬರೀ ಬಲಿಪಶು ಮಾಡಿದರೆ ಆ ಕಡ್ಲೆಕಾಯಿ ಬೀಜದ ಡಬ್ಬಿಗೆ ಅವಮಾನ.

ಅವಳ ಅಕ್ಕನ ಮಗಳ ಶಾಲೆಗೆ ಅಂದು ಬಹುಮಾನ ಬರಲಿಲ್ಲ. ಗೋವಿನ ಹಾಡಿನ ತಂಡಕ್ಕೆ ನಾನು ಎರಡನೆಯ ಸ್ಥಾನ ಕೊಟ್ಟಿದ್ದೆ. ಹಸುಗಳಾಗಿದ್ದ ಮೂವರು ಹುಡುಗಿಯರು ಹಾಡು ಮುಗಿದು ಪರದೆ ಎಳೆದ ಮೇಲೂ ಕರುವಿನ ಕೈ ಬಿಟ್ಟಿರಲಿಲ್ಲ ಎಂಬುದು ಅಂಕ ಕೊಟ್ಟು ಮುಗಿದ ಮೇಲೆ ನೆನಪಾಯಿತು. ಹೊರಡುವಾಗ ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿದೆ. ಸ್ವಲ್ಪ ಯೋಚಿಸಿದಳು.

"ಬರೀರಿ ಅಕ್ಕಾ. ನಮ್ಮೂರಿನ ಹೆಸರು ಮಾತ್ರ ಬೇಡ. ಕ್ಯಾತಗಾನಚೆರ್ಲು ಅಂತ ಹಾಕ್ಕೊಳ್ಳಿ. ಇಲ್ಲಿ ನಂಗೆ ಯಾರೂ ಇಲ್ಲ."